ಮಡಚುವ ಮೀಸಲು ಸೈಟ್‌ಗಳ ಆಯ್ಕೆ: ಕೀಲಿನ ಸಡಿಲ ಮತ್ತು ನಿಲ್ಲುವ ನೆಲೆ

ರೆಡ್ ಡಾಟ್ ಸೈಟಿನ ಬ್ಯಾಟರಿ ಮುಗಿದಾಗ, ಗಾಜಿಗೆ ಕೆಸರು ಮೆತ್ತಿದಾಗ, ಪೆಟ್ಟು ಬಿದ್ದು ಅದು ಒಡೆದಾಗ ಗುರಿ ಹಿಡಿಯಲು ಉಳಿಯುವುದು ಐರನ್ ಸೈಟ್ ಜೋಡಿ ಮಾತ್ರ. ಅಮೆರಿಕದ ಎಆರ್-15 ಮಾದರಿಯ ರೈಫಲ್‌ಗಳಲ್ಲಿ ಈ ಜೋಡಿಯನ್ನು ಮಡಚಿಟ್ಟು, ಬೇಕಾದಾಗ ಎಬ್ಬಿಸುವ ರೂಢಿ ಬಂದಿದೆ. ಕೊಳ್ಳುವವರ ಚರ್ಚೆ ಹೆಚ್ಚಾಗಿ ಉಕ್ಕೋ ಪಾಲಿಮರೋ, ಬೆಲೆ ಎಷ್ಟು ಎಂಬಲ್ಲೇ ಸುತ್ತುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು ಎಂಬುದು ಈ ಟಿಪ್ಪಣಿಯ ವಾದ. ಎಬ್ಬಿಸಿದಾಗಲೆಲ್ಲ ಸೈಟ್ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆಯೇ? ಅದನ್ನು ಹೊತ್ತ ಭಾಗ ನಳಿಗೆಯ ಲೆಕ್ಕದಲ್ಲಿ ಕದಲದೆ ಇರುತ್ತದೆಯೇ?

ಹಿನ್ನೆಲೆ

ಇದೇ ಮಾದರಿಯ ಸೇನಾ ರೈಫಲ್ ಎಂ16ಎ2ನ ಹಿಂಬದಿ ಸೈಟ್, ರೈಫಲನ್ನು ಎತ್ತಿ ಒಯ್ಯುವ ಮೇಲ್ಭಾಗದ ಹಿಡಿಕೆಯ ಭಾಗವೇ ಆಗಿತ್ತು. ಮುಂಬದಿ ಸೈಟ್ ನಳಿಗೆಗೆ ಪಿನ್ ಹೊಡೆದು ಕೂರಿಸಿದ್ದು. 1995ರಲ್ಲಿ, ಸೈಟ್‌ಗಳನ್ನು ಬಿಗಿಯುವ ಹಲ್ಲುಪಟ್ಟಿಯಾದ ಪಿಕಾಟಿನಿ ರೈಲಿನ ಅಳತೆ ಮಿಲ್-ಸ್ಟ್ಯಾಂಡರ್ಡ್-1913 ಎಂಬ ಮಾನಕವಾಗಿ ನಿಗದಿಯಾಯಿತು. ನಂತರದ ರೈಫಲ್‌ಗಳಲ್ಲಿ ಹಿಡಿಕೆ ಕಳಚಿ ಆ ಜಾಗದಲ್ಲಿ ಆಪ್ಟಿಕ್ (ರೆಡ್ ಡಾಟ್ ಅಥವಾ ಸ್ಕೋಪ್) ಕೂರಿಸುವುದು ಸುಲಭವಾಯಿತು, ಹಿಂಬದಿ ಸೈಟ್ ಮಾತ್ರ ನೆಲೆ ಕಳೆದುಕೊಂಡಿತು. ಎಂ4 ಕಾರ್ಬೈನ್‌ಗೆ ಬಂದ ಮೇಟೆಕ್ ಸೈಟ್ ಈ ಕೊರತೆ ತುಂಬಿತು: ಮಡಚುತ್ತದೆ, 200ರಿಂದ 600 ಮೀಟರ್‌ವರೆಗೆ ದೂರ ಹೊಂದಿಸಿಕೊಳ್ಳಬಹುದು. ಇಲ್ಲಿ ಗಮನಿಸಬೇಕಾದದ್ದು, ಸೇನೆ ಮಡಚಿದ್ದು ಹಿಂಬದಿ ಸೈಟನ್ನು ಮಾತ್ರ. ಮುಂದಿನದು ನಳಿಗೆಯ ಮೇಲೆ ಹಾಗೆಯೇ ಉಳಿಯಿತು.

ಲೆಕ್ಕ

ಹಿಂಬದಿ ರಂಧ್ರಕ್ಕೂ ಮುಂಬದಿ ಕಡ್ಡಿಗೂ ನಡುವಿನ ದೂರ ಎಂ16ಎ2ನಲ್ಲಿ ಸುಮಾರು 502 ಮಿ.ಮೀ., ಎಂ4ನಲ್ಲಿ ಸುಮಾರು 368 ಮಿ.ಮೀ. ಈ ದೂರ ಕಡಿಮೆಯಾದಷ್ಟೂ ಸೈಟಿನ ಸಣ್ಣ ಅಲುಗಾಟ ಗುರಿಯ ಹತ್ತಿರ ದೊಡ್ಡದಾಗುತ್ತದೆ. ಸೇನೆಯ ತರಬೇತಿ ಕೈಪಿಡಿಯ ಅಂಕಿಗಳೇ ಇದನ್ನು ತೋರಿಸುತ್ತವೆ. ಮುಂಬದಿ ಕಡ್ಡಿಯನ್ನು ಒಂದು ಕ್ಲಿಕ್ ತಿರುಗಿಸಿದರೆ 25 ಮೀಟರಿನಲ್ಲಿ ಗುಂಡು ಬೀಳುವ ಜಾಗ ಎಂ16ಎ2ನಲ್ಲಿ ಸುಮಾರು 0.9 ಸೆಂ.ಮೀ., ಎಂ4ನಲ್ಲಿ 1.2 ಸೆಂ.ಮೀ. ಸರಿಯುತ್ತದೆ.

ಕೀಲಿನ ಸಡಿಲಕ್ಕೂ ಇದೇ ಲೆಕ್ಕ. ಎಬ್ಬಿಸಿದ ಸೈಟ್ ಪಕ್ಕಕ್ಕೆ 0.1 ಮಿ.ಮೀ. ಸರಿದು ನಿಂತಿತು ಎನ್ನಿ. 100 ಮೀಟರಿನಲ್ಲಿ ಅದು ಎಂ16ಎ2ನಲ್ಲಿ ಸುಮಾರು 2 ಸೆಂ.ಮೀ., ಎಂ4ನಲ್ಲಿ 2.7 ಸೆಂ.ಮೀ. ವ್ಯತ್ಯಾಸವಾಗುತ್ತದೆ; 300 ಮೀಟರಿನಲ್ಲಿ ಎಂ4ನ ವ್ಯತ್ಯಾಸ 8 ಸೆಂ.ಮೀ. ದಾಟುತ್ತದೆ. ಹಿಂಬದಿ ಸೈಟ್ ಬಲಕ್ಕೆ ಸರಿದರೆ ಗುಂಡೂ ಬಲಕ್ಕೆ ಹೋಗುತ್ತದೆ, ಮುಂಬದಿಯದು ಬಲಕ್ಕೆ ಸರಿದರೆ ಎಡಕ್ಕೆ. ಎರಡೂ ಮಡಚುವಂಥವಾದರೆ ಎರಡು ಕೀಲುಗಳ ದೋಷ ಒಂದಕ್ಕೊಂದು ಕೂಡಿಕೊಳ್ಳಲೂಬಹುದು. ಮುಂದಿನ ಸೈಟನ್ನು ಸ್ಥಿರವಾಗಿಟ್ಟು ಹಿಂದಿನದನ್ನಷ್ಟೇ ಮಡಚುವ ವ್ಯವಸ್ಥೆಗೆ ಇರುವ ಬಲವಾದ ಸಮರ್ಥನೆ ಇದು.

ನೆಲೆ

ಮುಂಬದಿ ಸೈಟ್ ಕೂರುವ ಜಾಗ ಎರಡು: ನಳಿಗೆಯನ್ನು ಹಿಡಿದ ಗ್ಯಾಸ್ ಬ್ಲಾಕ್, ಇಲ್ಲವೇ ಹ್ಯಾಂಡ್‌ಗಾರ್ಡಿನ ರೈಲು. ಗ್ಯಾಸ್ ಬ್ಲಾಕ್ ನಳಿಗೆಯೊಡನೆಯೇ ಇರುವುದರಿಂದ ಗುರಿ ನಂಬಿಕಸ್ಥ, ಆದರೆ ಅಲ್ಲಿ ಕಾವು ಹೆಚ್ಚು. ಪಾಲಿಮರಿನ ಎಂಬಿಯುಎಸ್ ಮುಂಬದಿ ಸೈಟನ್ನು ಗ್ಯಾಸ್ ಬ್ಲಾಕಿನ ಮೇಲೆ ಕೂರಿಸಬಾರದೆಂದು ಅದನ್ನು ತಯಾರಿಸುವ ಮ್ಯಾಗ್‌ಪುಲ್ ಹೇಳುವುದು ಇದೇ ಕಾರಣಕ್ಕೆ. ಉಕ್ಕೋ ಪಾಲಿಮರೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ, ಬೆಲೆಪಟ್ಟಿಯಲ್ಲಲ್ಲ. ಹಲವು ಗ್ಯಾಸ್ ಬ್ಲಾಕ್‌ಗಳ ರೈಲು ರಿಸೀವರಿನ ರೈಲಿಗಿಂತ ತಗ್ಗಿನಲ್ಲಿರುತ್ತದೆ. ಅದಕ್ಕೆ ಎತ್ತರದ ಸೈಟೇ ಬೇಕು.

ನಳಿಗೆಗೆ ತಗುಲದೆ ನಿಲ್ಲುವ ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡಿನ ತುದಿಯಲ್ಲಿ ಸೈಟ್ ಕೂರಿಸಿದರೆ ಕಾವಿನ ಕಾಟವಿಲ್ಲ, ಸೈಟ್‌ಗಳ ನಡುವಿನ ದೂರವೂ ಹೆಚ್ಚುತ್ತದೆ. ಆದರೆ ಹೆಗಲ ಪಟ್ಟಿಯನ್ನು ಬಿಗಿದೆಳೆದಾಗ ಅಥವಾ ಮುಂಭಾಗವನ್ನು ಏನಕ್ಕಾದರೂ ಒತ್ತಿ ಹಿಡಿದಾಗ ಹ್ಯಾಂಡ್‌ಗಾರ್ಡ್ ಬಾಗುತ್ತದೆ. ಅದರೊಂದಿಗೆ ಸೈಟೂ ಬಾಗುತ್ತದೆ, ನಳಿಗೆ ಮಾತ್ರ ಬಾಗುವುದಿಲ್ಲ. ಎಷ್ಟೇ ಬೆಲೆಬಾಳುವ ಸೈಟಾದರೂ ಈ ದೋಷವನ್ನು ಸರಿಪಡಿಸಲಾರದು.

ರಂಧ್ರ ಮತ್ತು ಆಪ್ಟಿಕ್

ಎಂ16ಎ2 ಸೈಟಿನಲ್ಲಿ ಎರಡು ರಂಧ್ರಗಳಿವೆ. ಸುಮಾರು 1.8 ಮಿ.ಮೀ.ನದು ನಿಖರ ಗುರಿಗೆ, 5 ಮಿ.ಮೀ.ನದು ಹತ್ತಿರದ ಗುರಿಗೆ ಮತ್ತು ಮಬ್ಬು ಬೆಳಕಿಗೆ. ಸಣ್ಣ ರಂಧ್ರದಲ್ಲಿ ನೋಡಿದಾಗ ಕಡ್ಡಿಯೂ ಗುರಿಯೂ ಬಹುಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗುತ್ತವೆ. ನಮ್ಮ ರೈಫಲ್ ಕ್ಲಬ್‌ಗಳಲ್ಲಿ 10 ಮೀಟರ್ ಏರ್ ರೈಫಲ್ ಹಿಡಿದವರಿಗೆ ಪೀಪ್ ಸೈಟಿನ ಈ ಗುಣ ಚೆನ್ನಾಗಿ ಗೊತ್ತು. ಕೊಳ್ಳುವಾಗ ನೋಡಬೇಕಾದದ್ದು, ಒಂದು ರಂಧ್ರದಿಂದ ಇನ್ನೊಂದಕ್ಕೆ ಬದಲಿಸಿದಾಗ ಗುರಿ ಮೇಲೆ ಕೆಳಗೆ ಆಗುತ್ತದೆಯೇ ಎಂಬುದನ್ನು.

ರೆಡ್ ಡಾಟ್ ಜೊತೆಗಿದ್ದರೆ ಐರನ್ ಸೈಟ್ ಸಾಕ್ಷಿಯ ಕೆಲಸವನ್ನೂ ಮಾಡುತ್ತದೆ: ಸೈಟ್ ಎಬ್ಬಿಸಿ ನೋಡಿದಾಗ ಚುಕ್ಕೆ ಕಡ್ಡಿಯ ತುದಿಯಲ್ಲಿ ಕೂರದಿದ್ದರೆ ಎರಡರಲ್ಲಿ ಒಂದು ಕದಲಿದೆ ಎಂದರ್ಥ. ಬಿಂಬ ಹಿಗ್ಗಿಸುವ ಸ್ಕೋಪಿನೊಳಗಿಂದ ಈ ಸೈಟ್ ಬಳಸಲಾಗುವುದಿಲ್ಲ. ಹಾಗಿದ್ದಲ್ಲಿ ಸ್ಕೋಪನ್ನು ತಟ್ಟನೆ ಕಳಚುವ ಮೌಂಟ್ ಬೇಕು, ಇಲ್ಲವೇ 45 ಡಿಗ್ರಿ ಓರೆಯಾಗಿ ಕೂರುವ ಸೈಟ್ ಬೇಕು.

ಬೀಗ

ಎಬ್ಬಿಸಿದಾಗ ಬೀಗ ಬೀಳುವ ಸೈಟ್ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಪೆಟ್ಟು ಬಿದ್ದರೆ ಅದರ ಬಲವೆಲ್ಲ ಪಿನ್ನಿನ ಮೇಲೆ. ಎಂಬಿಯುಎಸ್ ಸ್ಪ್ರಿಂಗ್ ಬಲದಿಂದ ನಿಲ್ಲುತ್ತದೆ. ಪೆಟ್ಟು ಬಿದ್ದರೆ ಒಡೆಯುವ ಬದಲು ಮಡಚಿಕೊಳ್ಳುತ್ತದೆ. ಇವೆರಡೂ ಸಮರ್ಥನೀಯ ವಿನ್ಯಾಸಗಳೇ. ಯಾವುದೇ ಆದರೂ ಕೊನೆಗೆ ಅಳೆಯಬೇಕಾದದ್ದು, ಮರಳಿ ನಿಂತಾಗ ಅದು ಎಲ್ಲಿ ನಿಂತಿತು ಎಂಬುದನ್ನೇ.

ಪರೀಕ್ಷೆ ಮತ್ತು ನಿರ್ಣಯ

25 ಮೀಟರಿನಲ್ಲಿ ಗುಂಡು ಹೊಡೆದು ಸಡಿಲವನ್ನು ಅಳೆಯುವುದು ಕಷ್ಟ. ಎಂ4ನಲ್ಲಿ 0.1 ಮಿ.ಮೀ. ಸರಿದದ್ದು ಅಲ್ಲಿ 7 ಮಿ.ಮೀ.ಗಿಂತ ಕಡಿಮೆ, ಗುಂಡುಗಳ ಸಹಜ ಚದುರುವಿಕೆಯಲ್ಲೇ ಅದು ಮುಚ್ಚಿಹೋಗುತ್ತದೆ. ಖಾಲಿ ರೈಫಲನ್ನು ವೈಸ್‌ನಲ್ಲಿ ಬಿಗಿದು, ದೂರದ ಒಂದು ಗುರುತಿಗೆ ಸೈಟ್ ಹೊಂದಿಸಿ, ಮತ್ತೆ ಮತ್ತೆ ಮಡಚಿ ಎಬ್ಬಿಸಿ, ಗುರುತು ಸರಿಯಿತೇ ಎಂದು ನೋಡುವುದು ಇದಕ್ಕಿಂತ ಸ್ಪಷ್ಟವಾದ ವಿಧಾನ. ಹ್ಯಾಂಡ್‌ಗಾರ್ಡನ್ನು ಕೈಯಿಂದ ಪಕ್ಕಕ್ಕೆ ಒತ್ತಿ ಅದೇ ಗುರುತನ್ನು ಮತ್ತೊಮ್ಮೆ ನೋಡಿದರೆ ನೆಲೆಯ ಪರೀಕ್ಷೆಯೂ ಮುಗಿಯುತ್ತದೆ.

ಹೀಗಾಗಿ ಆಯ್ಕೆಯ ಕ್ರಮ ಇದು: ಮುಂಬದಿ ಸೈಟಿನ ನೆಲೆಯನ್ನು ಮೊದಲು ನಿರ್ಧರಿಸಿ. ಆ ನೆಲೆಯ ಕಾವು ಮತ್ತು ಎತ್ತರಕ್ಕೆ ತಕ್ಕ ವಸ್ತು ಮತ್ತು ಮಾದರಿಯನ್ನು ಆರಿಸಿ. ಬಳಿಕ ಆಪ್ಟಿಕ್‌ಗೆ ಅದು ಹೊಂದುತ್ತದೆಯೇ ನೋಡಿ. ಕೀಲಿನ ಪರೀಕ್ಷೆಯಲ್ಲಿ ಸೋತ ಸೈಟನ್ನು, ಅದು ಯಾವ ವಸ್ತುವಿನದ್ದೇ ಆಗಿರಲಿ, ಹಿಂದಿರುಗಿಸಿ. ಮೀಸಲು ಸೈಟ್ ಬಳಕೆಗೆ ಬರುವುದು ಬೇರೇನೂ ಉಳಿಯದ ಹೊತ್ತಿನಲ್ಲಿ. ಆಗ ಅದನ್ನು ಗುಂಡು ಬೀಳುವ ಜಾಗಕ್ಕೆ ಮತ್ತೆ ಹೊಂದಿಸಲು, ಅಂದರೆ ಝೀರೋ ಮಾಡಲು, ಸಮಯ ಇರುವುದಿಲ್ಲ.