ಮನೆಯೊಳಗಿನ ಪೆಟ್ಟು: ಗಂಡಸಿಗೆ ಕಾನೂನು ನಡೆದು ಬಂದ ದಾರಿ

ಹೆಂಡತಿಯಿಂದ ಪೆಟ್ಟು ತಿಂದ ಗಂಡ ನಮ್ಮ ಜಗಲಿಯ ನಗೆಮಾತಿಗೆ ಒದಗಿದಷ್ಟು ನ್ಯಾಯದ ಮಾತಿಗೆ ಒದಗಿದವನಲ್ಲ. ಮಕ್ಕಳಿಂದ ಬೈಗಳು ತಿನ್ನುವ ಮುದುಕನ ಕತೆಯೂ ಹೆಚ್ಚುಕಡಿಮೆ ಅಷ್ಟೇ. ಇಂಥವರಿಗೆ ಕಾನೂನು ಎಂದು, ಎಷ್ಟು ಕಿವಿಗೊಟ್ಟಿತೆಂದು ಇಲ್ಲಿ ಹಿಂತಿರುಗಿ ನೋಡಬಯಸುತ್ತೇನೆ.

1860ರ ಭಾರತೀಯ ದಂಡಸಂಹಿತೆಯಲ್ಲಿ ಹೊಡೆತಕ್ಕೆ ಹೆಣ್ಣು ಗಂಡೆಂಬ ಭೇದವಿರಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ ಕ್ರೌರ್ಯದ ದೂರನ್ನು ಪತಿಪತ್ನಿಯರಿಬ್ಬರಿಗೂ ತೆರೆದಿಟ್ಟಿತು. ಆದರೆ ಆಗ ಅದರಿಂದ ಸಿಗುತ್ತಿದ್ದುದು ಬೇರೆ ಇರುವ ಹಕ್ಕು ಮಾತ್ರ. ಕ್ರೌರ್ಯಕ್ಕಾಗಿ ವಿಚ್ಛೇದನ ದೊರೆತದ್ದು 1976ರ ತಿದ್ದುಪಡಿಯಿಂದ. 1975ರಲ್ಲಿ ತೀರ್ಪಾದ ದಾಸ್ತಾನೆ ಮೊಕದ್ದಮೆಯಲ್ಲಿ ಗಂಡನೇ ದೂರುದಾರ. ಹೆಂಡತಿಯ ನಡತೆ ಕ್ರೌರ್ಯವೇ ಹೌದೆಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೂ ಆಮೇಲೆ ಕೂಡಿ ಬಾಳಿದ್ದರಿಂದ ಆತ ಅದನ್ನು ಮನ್ನಿಸಿದಂತಾಯಿತೆಂದು ಅರ್ಜಿಯನ್ನು ತಳ್ಳಿಹಾಕಿತು.

1983ರಲ್ಲಿ ದಂಡಸಂಹಿತೆಗೆ 498ಎ ವಿಧಿ ಸೇರಿತು. 2005ರಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಬಂತು. ವರದಕ್ಷಿಣೆಯ ಬೆಂಕಿಗೆ ಬಲಿಯಾದ ಸೊಸೆಯರನ್ನು ಬಲ್ಲ ಯಾರೂ ಇವನ್ನು ಬೇಡವೆನ್ನಲಾರರು, ನಾನೂ ಅನ್ನುವುದಿಲ್ಲ. ಆದರೆ 2005ರ ಕಾಯಿದೆಯಲ್ಲಿ ನೊಂದವರೆಂದರೆ ಹೆಂಗಸರು ಮಾತ್ರ. 2016ರಲ್ಲಿ ಸುಪ್ರೀಂ ಕೋರ್ಟು ಎದುರುಕಕ್ಷಿಯ ವಿವರಣೆಯಿಂದ 'ವಯಸ್ಕ ಪುರುಷ' ಎಂಬ ಮಾತನ್ನು ತೆಗೆದುಹಾಕಿದ್ದರಿಂದ ಹೆಂಗಸಿನ ಮೇಲೂ ದೂರು ಕೊಡಬಹುದಾಯಿತು. ದೂರು ಕೊಡುವವಳು ಮಾತ್ರ ಇಂದಿಗೂ ಹೆಂಗಸೇ. ಪೆಟ್ಟು ತಿಂದ ಗಂಡ ಪೊಲೀಸರಲ್ಲಿಗೆ ಹೋಗಬಹುದು, ವಿಚ್ಛೇದನ ಕೇಳಬಹುದು. ಈ ಕಾಯಿದೆಯ ರಕ್ಷಣಾ ಆದೇಶ ಅವನಿಗಿಲ್ಲ.

ಮುದಿ ತಂದೆಯ ದಾರಿ ಇದಕ್ಕಿಂತ ಅಗಲವಾಗಿದೆ. 1973ರ ದಂಡಪ್ರಕ್ರಿಯಾ ಸಂಹಿತೆ ತಾಯಿಯ ಜತೆ ತಂದೆಗೂ ಜೀವನಾಂಶದ ಹಕ್ಕನ್ನು ಕೊಟ್ಟಿತು. ಮದುವೆಯಾದ ಮಗಳಿಗೂ ಈ ಹೊಣೆಯುಂಟೆಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2007ರ ಹಿರಿಯ ನಾಗರಿಕರ ಕಾಯಿದೆಯಂತೂ ಗಂಡು ಹೆಣ್ಣೆಂದು ನೋಡುವುದಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ತೋಟ ಬರೆದುಕೊಟ್ಟ ಹಿರಿಯರನ್ನು ಮಕ್ಕಳು ಕೈಬಿಟ್ಟರೆ, ಆ ದಾನಪತ್ರವನ್ನು ರದ್ದುಪಡಿಸಲೂ ಅಲ್ಲಿ ಅವಕಾಶವಿದೆ.

ಇದನ್ನು ತಿಳಿಸಿದಾಗ ನೆರೆಯ ಹಿರಿಯರೊಬ್ಬರು ನನ್ನಲ್ಲಿ ಕೇಳಿದ್ದು ಬೇರೆಯೇ: "ಮಾಷ್ಟ್ರೇ, ನನಗೆ ಮಲಯಾಳ ಬರೆಯಲು ಬರುವುದಿಲ್ಲ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಆದೀತಾ?"

ಆದೀತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಮಾತಿನ ಹಕ್ಕು ಅಳಿಯಲಿಲ್ಲ. ಸಂವಿಧಾನದ 350ನೆಯ ವಿಧಿ ನಾಡಿನಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಲು ಬಿಡುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ.

ಮನೆಯ ಮರ್ಯಾದೆಗೆ ಅಂಜಿ ಸುಮ್ಮನಿರುವ ಗಂಡಸು ಮೊದಲು ನಾಚಿಕೆಯನ್ನು ದಾಟಬೇಕು. ಗಡಿನಾಡಿನ ಕನ್ನಡಿಗನಾದರೆ ಅವನು ಭಾಷೆಯ ಅಳುಕನ್ನೂ ದಾಟಬೇಕು. ಎರಡನೆಯದಕ್ಕೆ ಕಾನೂನಿನ ಆಸರೆ ಇದೆ. ಮೊದಲನೆಯದಕ್ಕೆ ನೆರೆಕರೆಯವರಾದ ನಾವು ನಗುವುದನ್ನು ಬಿಟ್ಟರೆ ಸಾಕು.