ನಗು ಯಾರ ಮೇಲೆ ಬಿತ್ತು: ಉತ್ತರ ಕನ್ನಡದ ಆಟದ ಪ್ರೇಕ್ಷಕರು ಮತ್ತು ಕಿರುತೆರೆಯ ಹೆಣ್ಣುವೇಷ

ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯಲ್ಲಿ ‘ಭಸ್ಮಾಸುರ ಮೋಹಿನಿ’ ಯಕ್ಷಗಾನದ ಆಟವಿದ್ದರೆ ಜನ ನಿದ್ದೆ ತಡೆದು ಕಾಯುವುದು ಒಂದು ಸನ್ನಿವೇಶಕ್ಕೆ. ಯಾರ ತಲೆಯ ಮೇಲೆ ಕೈಯಿಟ್ಟರೂ ಬೂದಿಯಾಗುವ ವರವನ್ನು ಶಿವನಿಂದ ಪಡೆದ ರಕ್ಕಸ, ಶಿವನನ್ನೇ ಅಟ್ಟಿಸಿಕೊಂಡು ಹೋಗಿ, ಈಗ ಮೋಹಿನಿಯ ಎದುರು ಬಾಯಿಬಿಟ್ಟು ನಿಂತಿದ್ದಾನೆ. ಅವಳು ಕುಣಿದಂತೆ ಕುಣಿದರೆ ಒಲಿಯುತ್ತಾಳಂತೆ. ಅವಳ ಕೈ ಸೊಂಟಕ್ಕೆ ಹೋದರೆ ಇವನ ಕೈಯೂ ಸೊಂಟಕ್ಕೆ. ಅವಳು ಕತ್ತು ಕೊಂಕಿಸಿದರೆ ಅಷ್ಟು ದೊಡ್ಡ ಕಿರೀಟ ಹೊತ್ತ ಇವನ ಕತ್ತೂ ಕೊಂಕಬೇಕು. ಸಭೆ ಹೊಟ್ಟೆ ಹಿಡಿದುಕೊಂಡು ನಗುವುದು ಇಲ್ಲಿ. ಮೋಹಿನಿ ಎಂದರೆ ಹೆಣ್ಣುರೂಪ ತಾಳಿದ ವಿಷ್ಣು ಎಂದು ಎಲ್ಲರಿಗೂ ಗೊತ್ತು. ಆ ಹೆಣ್ಣುರೂಪ ಧರಿಸಿ ಕುಣಿಯುತ್ತಿರುವವನು ಗಂಡಸು, ಬಹುಶಃ ಪಕ್ಕದೂರಿನವನೇ, ಎಂಬುದೂ ಗೊತ್ತು. ಆದರೂ ಯಾರೂ ಮೋಹಿನಿಯನ್ನು ನೋಡಿ ನಗುವುದಿಲ್ಲ.

ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017), 2012ರಲ್ಲಿ ಪದ್ಮಶ್ರೀ ಪಡೆದವರು, ಈ ನಗುವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರಿಗೆ ಹೆಸರು ತಂದ ವೇಷಗಳಲ್ಲಿ ಭಸ್ಮಾಸುರ ಒಂದು, ಕೀಚಕ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಭಸ್ಮಾಸುರ ಮೋಹಿನಿಯ ಕುಣಿತಕ್ಕೆ ಬೂದಿಯಾಗುತ್ತಾನೆ. ಕೀಚಕ ಕತ್ತಲ ನಾಟ್ಯಶಾಲೆಯಲ್ಲಿ ಸೈರಂಧ್ರಿಯೆಂದು ಭ್ರಮಿಸಿ, ಹೆಣ್ಣುವೇಷದಲ್ಲಿ ಕಾದಿದ್ದ ಭೀಮನ ತೋಳಿಗೆ ಸಿಗುತ್ತಾನೆ. ಇಬ್ಬರೂ ಹೆಣ್ಣೆಂದು ಬಗೆದು ಹೋದದ್ದು ಗಂಡಿನ ಬಳಿಗೆ. ಪ್ರಸಂಗ ಇಬ್ಬರನ್ನೂ ನಗೆಪಾಟಲು ಮಾಡಿ ಕೊಲ್ಲುತ್ತದೆ. ವೇಷ ತೊಟ್ಟವರ ಗೌರವಕ್ಕೆ ಮಾತ್ರ ಕುಂದು ಬರುವುದಿಲ್ಲ.

ಇದೇ ಸೀಮೆಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಕಾಮಿಡಿ ಶೋ ಓಡುತ್ತಿರುತ್ತದೆ. ಅಲ್ಲೂ ಗಂಡಸು ಸೀರೆ ಉಡುತ್ತಾನೆ, ಅಲ್ಲೂ ಜನ ನಗುತ್ತಾರೆ. ‘ನಮ್ಮಲ್ಲಿ ಹೆಣ್ಣುವೇಷ ಮೊದಲಿನಿಂದ ಇದ್ದದ್ದೇ, ಆದ್ದರಿಂದ ನಮ್ಮ ಜನರಿಗೆ ಇದೆಲ್ಲ ಹೊಸತಲ್ಲ’ ಎಂಬ ಮಾತು ಚರ್ಚೆಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಈ ಮಾತು ಅರ್ಧ ಮಾತ್ರ ನಿಜ ಎಂಬುದು ಪ್ರಸ್ತುತ ಲೇಖನದ ವಾದ. ಲಿಂಗ ಮತ್ತು ಒಲವಿನ ಸುತ್ತ ಹುಟ್ಟುವ ಹಾಸ್ಯಕ್ಕೆ ಪ್ರೇಕ್ಷಕರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂದು ತಿಳಿಯಲು ಅವರು ಎಷ್ಟು ನಕ್ಕರು ಎಂದು ಕೇಳಿದರೆ ಸಾಲದು. ನಗು ಬಿದ್ದದ್ದು ಯಾರ ಮೇಲೆ ಎಂದು ಕೇಳಬೇಕು. ಆಟದ ಮೋಹಿನಿಗೂ ಟಿವಿಯ ಸೀರೆಯುಟ್ಟ ಗಂಡಸಿಗೂ ನಂಟು ಇದೆ ಎಂದು ತೋರುತ್ತದೆ. ಅದು ಹೊರನೋಟದ ನಂಟು.

ಶಾಸ್ತ್ರದ ಕಡೆಯಿಂದ ಹೊರಟರೆ ಭೇದ ಬೇಗ ಕಾಣುತ್ತದೆ. ಭರತನ ನಾಟ್ಯಶಾಸ್ತ್ರ ಪಾತ್ರಧಾರಿಗಳ ಪ್ರಕೃತಿಯನ್ನು ಅನುರೂಪ, ವಿರೂಪ, ರೂಪಾನುಸಾರಿಣಿ ಎಂದು ಮೂರಾಗಿ ವಿಂಗಡಿಸುತ್ತದೆ. ಗಂಡು ಹೆಣ್ಣಿನ ಪಾತ್ರವನ್ನೂ ಹೆಣ್ಣು ಗಂಡಿನ ಪಾತ್ರವನ್ನೂ ವಹಿಸುವುದು ರೂಪಾನುಸಾರಿಣಿ. ಶಾಸ್ತ್ರಕ್ಕೆ ಅದು ಅಭಿನಯದ ಸಹಜ ಬಗೆಗಳಲ್ಲಿ ಒಂದು. ಅದೇ ಗ್ರಂಥ ಹಾಸ್ಯರಸದ ವಿಭಾವಗಳನ್ನು ಹೇಳುವಾಗ ವಿಕೃತವಾದ ವೇಷ, ಅಲಂಕಾರಗಳನ್ನು ಮೊದಲಿಗೇ ಹೆಸರಿಸುತ್ತದೆ. ಅಂದರೆ ಹೆಣ್ಣುವೇಷದ ಗಂಡಸು ಎರಡು ಬೇರೆ ಬಾಗಿಲುಗಳಿಂದ ರಂಗಕ್ಕೆ ಬರಬಹುದು: ಪಾತ್ರಕ್ಕೆ ಹೊಂದಿಕೊಂಡು ಬರಬಹುದು, ಹೊಂದದಿರುವುದನ್ನೇ ಮೆರೆಸಿಕೊಂಡೂ ಬರಬಹುದು.

ಯಕ್ಷಗಾನದ ಸ್ತ್ರೀವೇಷ ಮೊದಲ ಬಾಗಿಲಿನದು. ಪೂರ್ವರಂಗದಲ್ಲಿ ಪೀಠಿಕೆ ಸ್ತ್ರೀವೇಷಗಳು ಕುಣಿಯುವಾಗಿನಿಂದಲೇ ಪ್ರೇಕ್ಷಕರ ಪರೀಕ್ಷೆ ಶುರುವಾಗುತ್ತದೆ. ಹೊನ್ನಾವರದ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಗಜಾನನ ಹೆಗಡೆಯವರು ಸ್ತ್ರೀವೇಷಕ್ಕೆ ಹೆಸರಾದರು. ಅವರ ನಂತರ ನೀಲ್ಕೋಡು ಶಂಕರ ಹೆಗಡೆ, ಯಲಗುಪ್ಪ ಸುಬ್ರಹ್ಮಣ್ಯ ಹೆಗಡೆ ಮೊದಲಾದವರು ಬಡಗುತಿಟ್ಟಿನಲ್ಲಿ ಈ ವೇಷವನ್ನು ಮುಂದುವರಿಸಿದರು. ಈ ಕಲಾವಿದರನ್ನು ಅಳೆಯುವಾಗ ಊರಿನ ಜನ ಬಲು ನಿಷ್ಠುರರು. ಹೆಜ್ಜೆ ಗಡುಸಾಯಿತು, ಸ್ವರ ಒಡೆಯಿತು, ಅರ್ಥದಲ್ಲಿ ದ್ರೌಪದಿಯ ಗತ್ತು ಬರಲಿಲ್ಲ ಎಂದು ಬೆಳಗಿನ ಚಾದಂಗಡಿಯಲ್ಲಿ ಲೆಕ್ಕ ಹಾಕುತ್ತಾರೆ. ಹೆಂಗಸರಿಗೂ ಹೊಟ್ಟೆಕಿಚ್ಚಾಗಬೇಕು ಎಂಬುದು ದೊಡ್ಡ ಹೊಗಳಿಕೆ. ಇಂಥ ಹೊಟ್ಟೆಕಿಚ್ಚು ಕರಾವಳಿಯ ಆಸ್ತಿಯೇನೂ ಅಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಉಟ್ಟ ಸೀರೆಯ ಮಾದರಿಯನ್ನು ಕುಲೀನ ಮನೆತನದ ಹೆಂಗಸರು ಅನುಕರಿಸುತ್ತಿದ್ದರು.

ಹಾಗಾದರೆ ನಗುವಿನ ಕೆಲಸ ಯಾರದು? ಅದಕ್ಕೆ ಹಾಸ್ಯಗಾರ ಬೇರೆಯೇ ಇದ್ದಾನೆ. ಹೊನ್ನಾವರದ ಕರ್ಕಿಯಲ್ಲಿ ‘ಹಾಸ್ಯಗಾರ’ ಎಂಬುದು ಒಂದು ಮನೆತನದ ಹೆಸರೇ ಆಗಿಹೋಗಿದೆ. ವಿರಾಟನಗರದ ಕಥೆಯಲ್ಲಿ ಈ ಹಂಚಿಕೆ ಬಹಳ ಸ್ಪಷ್ಟ. ಅಲ್ಲಿ ಊರ್ವಶಿಯ ಶಾಪದಿಂದ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಬೃಹನ್ನಳೆಯಿದ್ದಾಳೆ. ಪಕ್ಕದಲ್ಲಿ ಪೂರ್ತಿ ಗಂಡಸು, ರಾಜಕುಮಾರ, ಉತ್ತರ. ರಂಗದ ಮೇಲೆ ನಗೆಗೀಡಾಗುವವನು ಉತ್ತರ. ಹೆಂಗಸರ ಮುಂದೆ ಮೀಸೆ ತಿರುವಿ, ಕೌರವಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ; ಬೃಹನ್ನಳೆ ಅಟ್ಟಿ ಹಿಡಿದು ಎಳೆದು ತರುತ್ತಾಳೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಹುಟ್ಟಿದ್ದೂ ಅವನ ಮೇಲೆಯೇ. ಕನ್ನಡಿಗರು ಬೃಹನ್ನಳೆಯ ಮೇಲೆ ಗಾದೆ ಕಟ್ಟಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಪರಂಪರೆಯ ಹೊಗಳಿಕೆಯಾಗಿ ಮುಗಿಯುತ್ತಿತ್ತು. ಆದರೆ ಅದೇ ಮಹಾಭಾರತದ ಶಿಖಂಡಿಯ ಹೆಸರನ್ನು ಅದೇ ಜನ ಬೈಗುಳ ಮಾಡಿಕೊಂಡಿದ್ದಾರೆ. ಸ್ತ್ರೀವೇಷಕ್ಕೆ ಸಿಗುವ ಮರ್ಯಾದೆಗೂ ಒಂದು ಕರಾರು ಇದೆ: ಚೌಕಿಯಲ್ಲಿ ಬಣ್ಣ ತೊಳೆದ ಮೇಲೆ ಅವನು ಗೃಹಸ್ಥನಾಗಿ, ಹೆಂಡತಿ ಮಕ್ಕಳ ಗಂಡಸಾಗಿ ಮನೆಗೆ ಹೋಗಬೇಕು. ವೇಷದ ನಡೆ ರಂಗದಿಂದಾಚೆಗೂ ಅಂಟಿಕೊಂಡಿತೆಂದು ಊರಿಗೆ ಅನುಮಾನ ಬಂದರೆ ಪಿಸುಮಾತು ಶುರು. ಆದ್ದರಿಂದ ಸಭೆ ಒಪ್ಪಿಕೊಂಡದ್ದು ವೇಷವನ್ನು. ಅದರ ಹಿಂದೆ ಇರಬಹುದಾದ ಮನಸ್ಸನ್ನು ಅದು ವಿಚಾರಿಸಲೇ ಇಲ್ಲ.

ಇನ್ನು ಎರಡನೆಯ ಬಾಗಿಲು. ಸುಗ್ಗಿ, ಹೋಳಿಯ ದಿನಗಳಲ್ಲಿ ಸೋಗು ಹಾಕುವಾಗ ಗಂಡಸು ಸೀರೆ ಸುತ್ತಿ, ಮೀಸೆ ತೆಗೆಯದೆ, ಎದೆಗೆ ಬಟ್ಟೆ ತುರುಕಿಕೊಂಡು ಬೀದಿಗೆ ಇಳಿಯುತ್ತಾನೆ. ಇಲ್ಲಿ ಯಾರೂ ಲಾಲಿತ್ಯ ಬಯಸುವುದಿಲ್ಲ. ಮೀಸೆಯೂ ಸೆರಗೂ ಒಟ್ಟಿಗೆ ಕಾಣುವುದೇ ತಮಾಷೆ. ಕಿರುತೆರೆಯ ಹೆಣ್ಣುವೇಷದ ವಂಶಾವಳಿ ಹುಡುಕಬೇಕಾದದ್ದು ಸೋಗಿನಲ್ಲಿ, ಮತ್ತು ಕಂಪನಿ ನಾಟಕಗಳ ಹಾಸ್ಯದಲ್ಲಿ.

ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ 2016ರಲ್ಲಿ ಶುರುವಾದಾಗ ತೀರ್ಪುಗಾರರ ಕುರ್ಚಿಯಲ್ಲಿ ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ಇದ್ದರು. ನಂತರ ‘ಮಜಾಭಾರತ’, ‘ಗಿಚ್ಚಿ ಗಿಲಿಗಿಲಿ’ಗಳೂ ಬಂದವು. ಈ ಮಾದರಿಯ ಸ್ಕಿಟ್‌ಗಳನ್ನು ಕೆಲಕಾಲ ನೋಡಿದವರಿಗೆ ಒಂದು ವಾಡಿಕೆ ಪರಿಚಿತ. ಹೆಣ್ಣುನೋಡುವ ಶಾಸ್ತ್ರ ನಡೆಯುತ್ತಿದೆ. ಹುಡುಗಿ ಕಾಫಿ ತಟ್ಟೆ ಹಿಡಿದು ಬರಬೇಕು. ಬರುವವನು ಗಂಡಸು. ಅವನು ಬಾಯಿ ತೆರೆಯುವ ಮುಂಚೆಯೇ ಹಿನ್ನೆಲೆ ಸಂಗೀತ ಕುಲುಕುತ್ತದೆ, ಕ್ಯಾಮೆರಾ ತೀರ್ಪುಗಾರರತ್ತ ತಿರುಗುತ್ತದೆ, ಅವರು ನಗುತ್ತಿದ್ದಾರೆ. ಮಾತು ಬರುವುದು ಆಮೇಲೆ. ಮನೆಯಲ್ಲಿ ಕೂತವನಿಗೆ ನಗು ಯಾವುದಕ್ಕೆ ಎಂಬ ಆಯ್ಕೆಯೇ ಉಳಿದಿಲ್ಲ. ಸಂಕಲನಕಾರ ಅವನ ಪರವಾಗಿ ನಿರ್ಧರಿಸಿಯಾಗಿದೆ. ಆಟದಲ್ಲಿ ಭಾಗವತರ ಪದ್ಯ, ಮದ್ದಳೆಯ ಪೆಟ್ಟು ಸನ್ನಿವೇಶವನ್ನು ನಡೆಸುತ್ತವೆ ನಿಜ, ಆದರೆ ಮುಂದಿನ ಸಾಲಿನವರ ನಗುಮುಖವನ್ನು ಹಿಂದಿನ ಸಾಲಿನವರಿಗೆ ಹಿಡಿದು ತೋರಿಸುವ ಸಾಧನ ಅಲ್ಲಿಲ್ಲ. ಮೋಹಿನಿ ಪ್ರವೇಶಿಸಿದಾಗ ಒಬ್ಬ ಬೆರಗಾಗಬಹುದು, ಇನ್ನೊಬ್ಬ ತೂಕಡಿಸಬಹುದು.

ಭಟ್ಕಳದಲ್ಲಿ ನೋಟದ ನೆಲೆ ತುಸು ಬೇರೆ. ಅಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಒಂದೇ ಪೇಟೆಯಲ್ಲಿ ಓಡಾಡುತ್ತವೆ. ಉರ್ದು ಬಲ್ಲ ಮನೆಗೆ ಹಿಂದಿಯ ಹಾಸ್ಯ ಸುಲಭಕ್ಕೆ ಎಟಕುತ್ತದೆ. 2013ರಲ್ಲಿ ಶುರುವಾದ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ನಲ್ಲಿ ಸುನಿಲ್ ಗ್ರೋವರ್ ಗುತ್ಥಿಯಾಗಿ, ಅಲಿ ಅಸ್ಗರ್ ದಾದಿಯಾಗಿ, ಕಿಕು ಶಾರದಾ ಪಲಕ್ ಆಗಿ ದೇಶವನ್ನೇ ನಗಿಸಿದರು. ಗುತ್ಥಿ ಇಲ್ಲಿ ವಿಶೇಷ ಗಮನಕ್ಕೆ ಯೋಗ್ಯ. ಸೋಗಿನ ಬಾಗಿಲಿನಿಂದಲೇ ಬಂದ ಪಾತ್ರವಾದರೂ ಅದಕ್ಕೊಂದು ಸ್ವಭಾವ, ಪೆದ್ದುತನ, ಹಟ ಬೆಳೆಯಿತು. ಪ್ರೇಕ್ಷಕರು ಅವಳ ಬರುವಿಕೆಗೆ ಕಾಯತೊಡಗಿದರು. ಎರಡು ಬಾಗಿಲುಗಳ ನಡುವೆ ಓಡಾಡುವುದು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಆದರೆ ದಪ್ಪ ಮೈ, ಅತಿಯಾದ ಮೇಕಪ್, ಗಂಡು ಅತಿಥಿಗಳ ಮೇಲೆ ಬೀಳುವ ಹೆಣ್ಣು ಎಂಬ ಹಳೆಯ ಸರಕು ಆ ಕಾರ್ಯಕ್ರಮದಲ್ಲೂ ಖರ್ಚಾಗದೆ ಉಳಿಯಲಿಲ್ಲ.

ಒಂದೇ ಹಾಸ್ಯವನ್ನು ನೋಡಿದ ಜನ ಒಂದೇ ಕಾರಣಕ್ಕೆ ನಗುತ್ತಾರೆಂದು ಹೇಳಲಾಗದು. ಅಮೆರಿಕದ ‘ಆಲ್ ಇನ್ ದ ಫ್ಯಾಮಿಲಿ’ ಧಾರಾವಾಹಿ ಆರ್ಚಿ ಬಂಕರ್ ಎಂಬ ಪೂರ್ವಗ್ರಹಪೀಡಿತ ಯಜಮಾನನನ್ನು ಗೇಲಿ ಮಾಡಲೆಂದೇ ಹೊರಟದ್ದು. ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೊಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು: ಪೂರ್ವಗ್ರಹ ಹೆಚ್ಚಿದ್ದ ಪ್ರೇಕ್ಷಕರಿಗೆ ಆರ್ಚಿಯೇ ಮೆಚ್ಚು, ವಾದದಲ್ಲಿ ಗೆದ್ದವನೂ ಅವನೇ. ಇನ್ನೊಂದು ತುದಿಯಲ್ಲಿ ಎಡ್ವರ್ಡ್ ಶಿಯಪ್ಪ ಮತ್ತು ಸಂಗಡಿಗರು 2006ರಲ್ಲಿ 245 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ‘ವಿಲ್ ಆ್ಯಂಡ್ ಗ್ರೇಸ್’ ಬಗ್ಗೆ ನಡೆಸಿದ ಅಧ್ಯಯನವಿದೆ. ಸಲಿಂಗಿ ವಕೀಲನೊಬ್ಬ ಕಥಾನಾಯಕನಾಗಿರುವ ಆ ಹಾಸ್ಯ ಧಾರಾವಾಹಿಯನ್ನು ಹೆಚ್ಚು ನೋಡಿದವರಲ್ಲಿ ಸಲಿಂಗಿಗಳ ಬಗೆಗಿನ ಅಸಹನೆ ಕಡಿಮೆ ಕಂಡಿತು. ನಿಜಜೀವನದಲ್ಲಿ ಸಲಿಂಗಿಗಳ ಪರಿಚಯ ಕಡಿಮೆ ಇದ್ದವರಲ್ಲಿ ಈ ನಂಟು ಹೆಚ್ಚು ಬಲವಾಗಿತ್ತು. ವಾರವಾರ ಮನೆಗೆ ಬರುವ ಪಾತ್ರ ಪರಿಚಯದವನಂತಾಗುತ್ತದೆ ಎಂಬುದು ಅವರ ವಿವರಣೆ. ನೋಡಿದ್ದರಿಂದ ಅಸಹನೆ ತಗ್ಗಿತೋ, ಅಸಹನೆ ಇಲ್ಲದವರೇ ನೋಡಿದರೋ ಎಂಬ ತಕರಾರನ್ನು ಇಂಥ ಅಧ್ಯಯನ ಪೂರ್ತಿ ಬಗೆಹರಿಸಲಾರದು.

ಕುಮಟಾದ ಪ್ರೇಕ್ಷಕನಿಗೆ ಶಿಯಪ್ಪನ ಸೂತ್ರ ನೇರ ಅನ್ವಯಿಸದಿರಲು ಸರಳ ಕಾರಣವಿದೆ. ಸ್ಕಿಟ್‌ನಲ್ಲಿ ಕಾಣುವವನು ಸಲಿಂಗಿಯಲ್ಲ, ಲಿಂಗಾಂತರಿಯೂ ಅಲ್ಲ. ಹತ್ತು ನಿಮಿಷಕ್ಕೆ ಸೀರೆಯುಟ್ಟ ಹಾಸ್ಯನಟ. ಮುಂದಿನ ವಾರ ಅವನೇ ಪೊಲೀಸ್ ಆಗಿರುತ್ತಾನೆ. ಪರಿಚಯ ಬೆಳೆಯುವುದು ನಟನೊಂದಿಗೆ.

ಕನ್ನಡ ಕಿರುತೆರೆಯಲ್ಲಿ ಈ ಪರಿಚಯದ ಅವಕಾಶ ಒದಗಿದ್ದು ಹಾಸ್ಯದಾಚೆ, ರಿಯಾಲಿಟಿ ಶೋದಲ್ಲಿ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೆಯ ಕಲಮಿನ ಹಲ್ಲು ಕಿತ್ತಿತು. ಮುಂದಿನ ತಿಂಗಳೇ ಶುರುವಾದ ‘ಬಿಗ್ ಬಾಸ್ ಕನ್ನಡ’ ಆರನೆಯ ಆವೃತ್ತಿಗೆ, ತಾನು ಸಲಿಂಗಿ ಎಂದು ಮುಚ್ಚಿಡದ ಆಡಂ ಪಾಶಾ ಸ್ಪರ್ಧಿಯಾಗಿ ಬಂದರು. 2023ರ ಹತ್ತನೆಯ ಆವೃತ್ತಿಯಲ್ಲಿ ಲಿಂಗಾಂತರಿ ನೀತು ವನಜಾಕ್ಷಿ ಇದ್ದರು. ಇವರು ಅಡುಗೆ ಮಾಡಿದರು, ಜಗಳವಾಡಿದರು, ಅತ್ತರು, ಎಲ್ಲರಂತೆ ಮನೆಯಿಂದ ಹೊರಬಿದ್ದರು. ಇಲ್ಲಿ ಪ್ರೇಕ್ಷಕನ ಕೈಯಲ್ಲಿದ್ದದ್ದು ವೋಟು. ಇಷ್ಟವೋ ಅಲ್ಲವೋ ಎಂದು ಹೇಳಬೇಕಿತ್ತು, ನಕ್ಕು ಜಾರಿಕೊಳ್ಳುವಂತಿರಲಿಲ್ಲ. ಹಿರಿತೆರೆಯಲ್ಲಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು, ಗಂಭೀರ ಕಥನದ ದಾರಿ ಹಿಡಿಯಿತು. ಸಾಹಿತ್ಯದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಬಂದಿತ್ತು. ಹಾಸ್ಯ ಮಾತ್ರ ಸೋಗಿನಲ್ಲೇ ನಿಂತಿದೆ. ಅಳಿಸಿ ಸಹಾನುಭೂತಿ ಪಡೆಯುವುದು ನಮ್ಮ ಲೇಖಕರಿಗೆ ಸಲೀಸು. ಸಲಿಂಗಿಯೊಬ್ಬನನ್ನು ನಗಿಸುವವನ ಜಾಗದಲ್ಲಿ ಕೂರಿಸಿ, ಅವನ ಸುತ್ತಲಿನ ಉತ್ತರಕುಮಾರರನ್ನು ನಗೆಗೀಡು ಮಾಡುವ ಸ್ಕಿಟ್ ಬರೆಯುವುದಕ್ಕೆ ಅವರಿನ್ನೂ ಕೈಹಾಕಿಲ್ಲವೆಂದೇ ಹೇಳಬೇಕು, ವಿರಾಟಪರ್ವದಂಥ ಮಾದರಿ ಕಣ್ಣೆದುರೇ ಇದ್ದರೂ.

ಪ್ರೇಕ್ಷಕ ಎಂದಾಗ ಸಂಶೋಧನೆ ಸಾಮಾನ್ಯವಾಗಿ ಮನೆಯೊಂದನ್ನು ಒಂದು ಘಟಕವಾಗಿ ಎಣಿಸುತ್ತದೆ. ಟಿವಿ ಇರುವುದು ಹಾಲ್‌ನಲ್ಲಿ. ಅಜ್ಜ, ಅಪ್ಪ, ಅಮ್ಮ, ಕಾಲೇಜಿಗೆ ಹೋಗುವ ಮಗ ಒಟ್ಟಿಗೆ ನೋಡುತ್ತಾರೆ. ಆ ಮಗ ತನ್ನ ಒಲವು ಯಾವ ಕಡೆಗೆಂದು ಅದಾಗಲೇ ಅರಿತವನಾಗಿದ್ದರೆ ಅವನು ನೋಡುವುದು ಎರಡು ಕಾರ್ಯಕ್ರಮ: ಪರದೆಯ ಸ್ಕಿಟ್ ಒಂದು, ಅಪ್ಪನ ನಗು ಇನ್ನೊಂದು. ಅವನೂ ನಗುತ್ತಾನೆ, ಯಾಕೆಂದರೆ ನಗದಿದ್ದರೆ ಎಲ್ಲರ ಕಣ್ಣು ಇವನ ಮೇಲೆ ಬೀಳುತ್ತದೆ. ಸಮೀಕ್ಷೆಯ ನಮೂನೆಯಲ್ಲಿ ಈ ನಗುವೂ ‘ಇಷ್ಟವಾಯಿತು’ ಎಂಬ ಕಾಲಂಗೆ ಸೇರುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಮುಂದೆ ಕ್ಷೇತ್ರಕಾರ್ಯ ನಡೆಸುವವರು ಮನೆಮಂದಿಯನ್ನು ಒಟ್ಟಿಗೆ ಕೂರಿಸಿ ಪ್ರಶ್ನೆ ಕೇಳಬಾರದು. ಒಬ್ಬೊಬ್ಬರನ್ನೇ ಮಾತಾಡಿಸಿ, ಯಾವ ಕ್ಷಣಕ್ಕೆ ನಕ್ಕಿರಿ, ಆಗ ಪಕ್ಕದಲ್ಲಿ ಯಾರಿದ್ದರು ಎಂದು ವಿಚಾರಿಸಬೇಕು. ಅದೇ ಸ್ಕಿಟ್ ಅನ್ನು ಮೊಬೈಲಿನಲ್ಲಿ ಒಬ್ಬರೇ ನೋಡಿದಾಗಲೂ ಅದೇ ಕ್ಷಣಕ್ಕೆ ನಗು ಬಂತೋ ಇಲ್ಲವೋ ಎಂಬುದನ್ನು ಬೇರೆಯಾಗಿ ದಾಖಲಿಸಿಕೊಳ್ಳಬೇಕು.