ಚೀಲದ ಮ್ಯಾಲಿನ ಹೆಸರು: ಗೋಣಿಯಿಂದ ಪ್ಲಾಸ್ಟಿಕ್ ತನಕ



ಈ ಸಲ ಬೆಳಿ ಬಗ್ಗೆ ಅಲ್ಲ, ಬೆಳಿ ತುಂಬೋ ಚೀಲದ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಐತಿ, ಬಿಡುವಾದಾಗ ಓದ್ರಿ.

ಸಮೀರವಾಡಿ, ಮಹಾಲಿಂಗಪುರ, ತೇರದಾಳ ಸುತ್ತಿನ ಯಾವ ತ್ವಾಟದ ಮನಿಗೆ ಹೋದ್ರೂ ಖಾಲಿ ಗೊಬ್ಬರ ಚೀಲ ಕಾಣದೇ ಇರೋದಿಲ್ಲ. ಮಳಿ ಬಂದ್ರ ಅದ ಕೊಪ್ಪಿ. ದನದ ಮನಿ ಕಿಟಕಿಗೆ ಅದ ಪರದೆ. ಮೋಟರಿನ ಸ್ಟಾರ್ಟರ್ ಡಬ್ಬಿಗೆ ಅದ ಹೊದಿಕೆ. ಕಾಲುವಿ ಒಡ್ಡು ಒಡದರ ಮಣ್ಣು ತುಂಬಿ ಒತ್ತಾಕ ಅದ. ಹತ್ತಿಪ್ಪತ್ತು ಚೀಲ ಬಿಚ್ಚಿ, ಸುತಳಿಯಿಂದ ಕೂಡಿಸಿ ಹೊಲಿದರ ಅರಿಶಿಣ, ಗೊಂಜಾಳ ಒಣಗಸಾಕ ತಾಡಪತ್ರಿ. ಇಷ್ಟೆಲ್ಲ ಕೆಲಸ ಮಾಡೋ ವಸ್ತುವಿಗೆ ನಾವು ಪ್ರತ್ಯೇಕ ರೊಕ್ಕ ಕೊಟ್ಟಿಲ್ಲ ಅಂತ ಅನಿಸುತ್ತದೆ. ಆದರೆ ಚೀಲದ ಬೆಲೆ ಗೊಬ್ಬರದ ಲೆಕ್ಕದೊಳಗೇ ಕೂಡಿರುತ್ತದೆ. ಅದರ ಮ್ಯಾಲೆ ಒಂದು ಕಂಪನಿಯ ಹೆಸರೂ ಇರುತ್ತದೆ. ನಾವು ಅದನ್ನ ತಲಿ ಮ್ಯಾಲೆ ಹೊತ್ತು ಅಡ್ಡಾಡತೀವಿ.

ಈ ಚೀಲ ನಮ್ಮ ಕೈಗೆ ಹೆಂಗ ಬಂತು, ಹೆಸರು ಯಾವಾಗ ಬಂತು, ಮುಂದ ಏನು ಮಾಡಬೇಕು? ತಿಳಿದಷ್ಟು ಹೇಳತೀನಿ.

ಮೊದಲು ನಮ್ಮ ಕಡೆ ಕಾಳು ಹೆಚ್ಚಾಗಿ ಚೀಲದಾಗ ಇರತಿರಲಿಲ್ಲ. ಜೋಳ ಹಗೇವಿನಲ್ಲಿ, ಗುಮ್ಮಿಯಲ್ಲಿ, ಕಣಜದಲ್ಲಿ ಇರತಿತ್ತು. ಚೀಲ ಬೇಕಾಗತಿದ್ದದ್ದು ಸಾಗಿಸಾಕ. ಪುಂಡಿ ನಾರು, ಸೆಣಬಿನ ನಾರು ಹೊಸೆದು ಹಗ್ಗ, ಗೋಣಿ ಮಾಡುತ್ತಿದ್ದರು. ಎತ್ತಿನ ಬೆನ್ನಿನ ಎರಡೂ ಕಡೆ ಗೋಣಿ ಹೇರಿಕೊಂಡು ಉಪ್ಪು, ಕಾಳು ಸಾಗಿಸುತ್ತಿದ್ದ ಲಂಬಾಣಿ ಜನ ದೇಶದ ಉದ್ದಗಲಕ್ಕೂ ಅಡ್ಡಾಡಿದವರು. ಇಂಗ್ಲಿಷಿನ ‘ಗನ್ನಿ’ ಶಬ್ದ ಹುಟ್ಟಿದ್ದು ಈ ‘ಗೋಣಿ’ಯಿಂದಲೇ. ಹೆಗಲ ಮ್ಯಾಲೆ ಎರಡು ಬಾಯಿಯ ಹಸುಬೆ, ಎಲಿ-ಅಡಿಕಿಗೆ ಸಂಚಿ, ಭಿಕ್ಷೆಗೆ ಜೋಳಿಗೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಲ, ಒಂದೊಂದು ಹೆಸರು. ಅವುಗಳ ಮ್ಯಾಲೆ ಗುರುತು ಇದ್ದರೆ ಅದು ಚೀಲದ ಮಾಲಕನ ಗುರುತು, ಅಂಗಡಿಯವನದಲ್ಲ.

ಈ ಲೆಕ್ಕ ಬದಲಾದದ್ದು ಕಾರ್ಖಾನೆ ಗೋಣಿ ಬಂದ ಮ್ಯಾಲೆ. 1855ರಲ್ಲಿ ಬಂಗಾಳದ ಹೂಗ್ಲಿ ದಂಡಿಯ ರಿಶ್ರಾ ಎಂಬ ಊರಲ್ಲಿ ದೇಶದ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಅಲ್ಲಿಯ ತಟ್ಟಿನ ಚೀಲ ನಮ್ಮ ಕಡೆಗೂ ಬಂದು, ಮನಿಯಲ್ಲಿ ಗೋಣಿ ನೇಯುವ ಕೆಲಸ ಕಡಿಮೆಯಾಗುತ್ತ ಹೋಯಿತು. 1947ರಲ್ಲಿ ದೇಶ ಇಬ್ಭಾಗವಾದಾಗ ಗಿರಣಿಗಳು ಕಲಕತ್ತೆ ಕಡೆ ಉಳಿದವು, ಒಳ್ಳೆಯ ಸೆಣಬು ಬೆಳೆಯುವ ಹೊಲ ಬಹಳಷ್ಟು ಪೂರ್ವ ಪಾಕಿಸ್ತಾನಕ್ಕೆ ಹೋದವು. ಆಮೇಲೆ ನಮ್ಮ ದೇಶದ ರೈತರು ಸೆಣಬಿನ ಬಿತ್ತನೆ ಹೆಚ್ಚಿಸಬೇಕಾಯಿತು.

ಸಕ್ಕರೆ ಕಾರ್ಖಾನೆಯ ಗೋದಾಮಿನಲ್ಲಿ ಕೆಲಸ ಮಾಡಿದ ಹಿರೇರನ್ನ ಕೇಳ್ರಿ. ಒಂದು ಕ್ವಿಂಟಲ್ಲಿನ ತಟ್ಟಿನ ಚೀಲವನ್ನ ಹಮಾಲರು ಬೆನ್ನ ಮ್ಯಾಲೆ ಹೊರುತ್ತಿದ್ದ ಕಾಲ ಅದು. ಈಗ 50 ಕಿಲೋದ ಚೀಲ. ಪ್ಲಾಸ್ಟಿಕ್ ಚೀಲ ಅಗ್ಗಕ್ಕೆ ಬಂದಾಗ ಸೆಣಬಿನ ರೈತರು, ಗಿರಣಿ ಕೂಲಿಗಳು ಉಳಿಯಲಿ ಅಂತ ಕೇಂದ್ರ ಸರ್ಕಾರ 1987ರಲ್ಲಿ ಒಂದು ಕಾಯ್ದೆ ತಂದಿತು. ಇಂತಿಂಥ ಮಾಲನ್ನ ಸೆಣಬಿನ ಚೀಲದಲ್ಲೇ ತುಂಬಬೇಕು ಅನ್ನೋದು ಅದರ ತಿರುಳು. ಸಿಮೆಂಟು, ಗೊಬ್ಬರ ಕಾಲಕ್ರಮದಲ್ಲಿ ಆ ಪಟ್ಟಿಯಿಂದ ಹೊರಗೆ ಬಂದವು. ಆಹಾರಧಾನ್ಯ ಮತ್ತು ಸಕ್ಕರೆ ಉಳಿದವು, ಸಕ್ಕರೆಯ ಪಾಲು 20 ಪರ್ಸೆಂಟಿಗೆ ಇಳಿಯಿತು. ಅಂದರೆ ನಮ್ಮ ಕಬ್ಬಿನ ಸಕ್ಕರೆ ಈಗ ಹೆಚ್ಚಾಗಿ ಪ್ಲಾಸ್ಟಿಕ್ ಎಳೆಯ ಚೀಲದಾಗ ಹೋಗತೈತಿ. ಸಮೀರವಾಡಿ ಕಾರ್ಖಾನೆಯವರ ‘ಜೀವನ’ ಸಕ್ಕರೆ ಹಂಗ, ಅಂಗಡಿಗೆ ಹೋಗೋ ಸಕ್ಕರೆ ಸಣ್ಣ ಪಾಕೀಟಿನಲ್ಲೂ ಬರತೈತಿ.

ಇನ್ನ ಪ್ಲಾಸ್ಟಿಕ್ಕಿನ ಹುಟ್ಟು ನೋಡೂಣು. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಬೇರೆ ಏನೋ ಮಾಡಲು ಹೋಗಿ ಮೇಣದಂಥ ಬಿಳಿ ವಸ್ತು ಸಿಕ್ಕಿತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ರೇಡಾರ್ ತಂತಿಗಳಿಗೆ ಹೊದಿಕೆಯಾಗಿ ಕೆಲಸ ಮಾಡಿತು. ನಮ್ಮ ದೇಶದಲ್ಲಿ ಮೊದಲ ಪಾಲಿಥೀನ್ ಕಾರ್ಖಾನೆ 1959ರ ಸುಮಾರಿಗೆ ಶುರುವಾದದ್ದು ಎಲ್ಲಿ ಗೊತ್ತೇನ್ರಿ? ಅದ ರಿಶ್ರಾದಲ್ಲಿ. ಸೆಣಬಿನ ಮೊದಲ ಗಿರಣಿ ನಿಂತ ಊರಲ್ಲೇ, ನೂರು ವರ್ಷದ ಮ್ಯಾಲೆ, ಸೆಣಬಿನ ಎದುರಾಳಿಯೂ ಹುಟ್ಟಿತು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದು ಐತಿ. ಆ ಕಾರ್ಖಾನೆ ಪಾಲಿಥೀನ್ ಮಾಡುತ್ತಿದ್ದದ್ದು ಆಲ್ಕೋಹಾಲಿನಿಂದ. ಕಬ್ಬು ನುರಿಸಿ ಸಕ್ಕರೆ ತೆಗೆದ ಮ್ಯಾಲೆ ಉಳಿಯುವ ಕಾಕಂಬಿ, ನಾವು ಮೊಲಾಸಿಸ್ ಅನ್ನೋದು, ಅದನ್ನ ಕೊಳೆಸಿ ಬಟ್ಟಿ ಇಳಿಸಿದರ ಆಲ್ಕೋಹಾಲು. ಅದರೊಳಗಿನ ನೀರಿನಂಶವನ್ನ ರಾಸಾಯನಿಕ ಕ್ರಿಯೆಯಿಂದ ಕಿತ್ತರ ಇಥಿಲೀನ್ ಗಾಳಿ. ಆ ಗಾಳಿಯನ್ನ ಭಾರಿ ಒತ್ತಡದಾಗ ಸರಪಳಿಯಂಗ ಜೋಡಿಸಿದರ ಪಾಲಿಥೀನ್. ಅಂದರೆ ದೇಶದ ಮೊದಲ ಪಾಲಿಥೀನ್ ಕಾರ್ಖಾನೆಯ ಬೇರು ಕಬ್ಬಿನ ಹೊಲದಾಗ ಇತ್ತು. 1960ರ ದಶಕದ ಕೊನೆಗೆ ಮುಂಬೈ ಹತ್ತಿರ, ಆಮೇಲೆ ವಡೋದರಾ, 1990ರ ದಶಕದಲ್ಲಿ ಹಜೀರಾ, ಹೀಗೆ ಕಲ್ಲೆಣ್ಣೆ ಮೂಲದ ದೊಡ್ಡ ಕಾರ್ಖಾನೆಗಳು ಬಂದವು. ಅಗ್ಗದ ಪ್ಲಾಸ್ಟಿಕ್ ಊರೂರಿಗೆ ಹರಿಯಿತು, ಕಬ್ಬಿನ ದಾರಿ ಹಿಂದೆ ಬಿತ್ತು.

ಈಗ ಆ ದಾರಿ ಮತ್ತೆ ತೆರೆದಿದೆ. ಬ್ರೆಜಿಲಿನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಇಥೆನಾಲಿನಿಂದ ಪಾಲಿಥೀನ್ ಮಾಡುತ್ತಿದೆ. ಅದನ್ನ ‘ಹಸಿರು ಪ್ಲಾಸ್ಟಿಕ್’ ಅಂತ ಮಾರುತ್ತಾರೆ. ನಮ್ಮ ಭಾಗದ ಕಾರ್ಖಾನೆಗಳೂ ಇಥೆನಾಲ್ ಮಾಡುತ್ತಿವೆ, ನಾಳೆ ಯಾರಾದರೂ ಇದೇ ಹೆಸರು ಹೇಳಿಕೊಂಡು ಬರಬಹುದು. ಆಗ ಒಂದು ಮಾತು ನೆನಪಿಡ್ರಿ: ಕಬ್ಬಿನಿಂದ ಮಾಡಿದ ಪಾಲಿಥೀನೂ ಪಾಲಿಥೀನೇ. ಎಣ್ಣೆ ಸುಡೋದು ಕಡಿಮೆ ಆಗಬಹುದು, ಆದರೆ ಮಣ್ಣಾಗ ಕೊಳೆಯೋದಿಲ್ಲ.

ಗೊಬ್ಬರಕ್ಕೆ ಪ್ಲಾಸ್ಟಿಕ್ ಚೀಲ ಬಂದದ್ದಕ್ಕೆ ಕಾರಣ ಯೂರಿಯಾದ ಸ್ವಭಾವ. ಅದು ಗಾಳಿಯ ತೇವ ಎಳೆದುಕೊಂಡು ಗಡ್ಡಿ ಕಟ್ಟತೈತಿ. ತಟ್ಟಿನ ಚೀಲದೊಳಗ ಪ್ಲಾಸ್ಟಿಕ್ ಹಾಳಿ ಹಾಕಿ ನೋಡಿದರು, ಆಮೇಲೆ ಪೂರ್ತಿ ಪ್ಲಾಸ್ಟಿಕ್ ಪಟ್ಟಿ ನೇಯ್ದ ಚೀಲಕ್ಕೆ ಬಂದರು. ಒಳಗಿನ ಹಾಳಿಯನ್ನೂ ನಮ್ಮವರು ಬಿಡಲಿಲ್ಲ, ಮಳಿಗಾಲದಾಗ ಶಾಲಿ ಹುಡುಗರ ಪುಸ್ತಕ ಅದರಾಗ ಹೋದವು. ತಟ್ಟಿನ ಮ್ಯಾಲೆ ಅಚ್ಚು ಸರಿಯಾಗಿ ಮೂಡುತ್ತಿರಲಿಲ್ಲ. ಪ್ಲಾಸ್ಟಿಕ್ ಮ್ಯಾಲೆ ಬಣ್ಣದ ಚಿತ್ರ ಚಂದ ಕೂಡತಿತ್ತು. ಅಲ್ಲಿಂದ ಚೀಲ ಬರೇ ಚೀಲವಾಗಿ ಉಳಿಯಲಿಲ್ಲ, ಜಾಹೀರಾತಿನ ಹಲಗಿ ಆಯಿತು.

ಕೈಚೀಲದ್ದೂ ಅದೇ ಕಥಿ. ಬಟ್ಟೆ ಅಂಗಡಿಯವರು ಸೀರಿ ಕೊಂಡವರಿಗೆ ಹೆಸರು ಬರೆಸಿದ ಬಟ್ಟೆ ಚೀಲ ಕೊಡುತ್ತಿದ್ದರು. ವರ್ಷಗಟ್ಟಲೆ ಸಂತಿಗೆ ಅದ ಹೋಗತಿತ್ತು. ಆಮೇಲೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬಂತು. ಸೀರಿ ನೇಯೋ ರಬಕವಿ-ಬನಹಟ್ಟಿಯಂಥ ಊರಲ್ಲೂ ನೇಯ್ದ ಬಟ್ಟೆ ಪ್ಲಾಸ್ಟಿಕ್ ಕವರಿನಾಗ ಮನಿಗೆ ಹೋಗಾಕ ಹತ್ತಿತು. ಇದರ ನಮೂನೆಯನ್ನ 1960ರ ದಶಕದಲ್ಲಿ ಮಾಡಿದವನು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ಎಂಬ ಎಂಜಿನಿಯರ್. ಕಾಗದದ ಚೀಲಕ್ಕಾಗಿ ಗಿಡ ಕಡಿಯೋದು ತಪ್ಪಲಿ, ಒಂದ ಚೀಲ ಮತ್ತೆ ಮತ್ತೆ ಬಳಸಲಿ ಅನ್ನೋದು ಅವನ ವಿಚಾರವಾಗಿತ್ತು, ಅವನ ಕಿಸೆಯಲ್ಲಿ ಯಾವಾಗಲೂ ಒಂದು ಮಡಚಿದ ಚೀಲ ಇರತಿತ್ತು ಅಂತ ಅವನ ಮಗ ಹೇಳಿದ್ದಾನೆ. ಪುಕ್ಕಟೆ ಸಿಗತೊಡಗಿದ ಮ್ಯಾಲೆ ಮಡಚಿ ಇಟ್ಟುಕೊಳ್ಳೋರು ಯಾರು? ನಮ್ಮ ಅವ್ವಂದಿರು ಗಾದಿ ಕೆಳಗ ಮಡಚಿ ಇಡತಿದ್ದರು, ಅವರ ಆ ತುಲಿನ್‌ನ ಮಾತು ಪಾಲಿಸಿದವರು ಅನ್ನಬೇಕು.

ಚೀಲದ ಮ್ಯಾಲಿನ ಹೆಸರಿಗೆ ಯಾರು ರೊಕ್ಕ ಕೊಡಬೇಕು ಅನ್ನೋ ಪ್ರಶ್ನೆ 2019ರಲ್ಲಿ ಚಂಡೀಗಡದ ಗ್ರಾಹಕ ವೇದಿಕೆ ಮುಂದೆ ಬಂತು. ಬಾಟಾ ಅಂಗಡಿಯಲ್ಲಿ ಚಪ್ಪಲಿ ಕೊಂಡ ಒಬ್ಬರಿಂದ ಕಂಪನಿಯ ಹೆಸರಿದ್ದ ಕಾಗದದ ಚೀಲಕ್ಕೆ 3 ರೂಪಾಯಿ ತೆಗೆದುಕೊಂಡಿದ್ದರು. ಗ್ರಾಹಕನನ್ನೇ ಜಾಹೀರಾತಿನ ಏಜೆಂಟ್ ಮಾಡಿಕೊಂಡು ಅವನಿಂದಲೇ ರೊಕ್ಕ ತಗೊಳ್ಳೋದು ಸರಿಯಲ್ಲ ಅಂತ ವೇದಿಕೆ ಹೇಳಿತು, ಕಂಪನಿ 9,000 ರೂಪಾಯಿ ತೆರಬೇಕಾಯಿತು. 3 ರೂಪಾಯಿಗೆ ಯಾಕ ತಕರಾರು ಅನ್ನಬಹುದು. ಆದರ ನಮ್ಮ ಹೆಗಲು ಪುಕ್ಕಟೆ ಅಲ್ಲ ಅನ್ನೋದನ್ನ ಆ ಮನುಷ್ಯ ತೋರಿಸಿಕೊಟ್ಟ.

ಗೊಬ್ಬರ ಚೀಲದಾಗೂ ಎರಡು ಬದಲಾವಣೆ ನೀವೆಲ್ಲ ಕಂಡೀರಿ. 2018ರಲ್ಲಿ ಯೂರಿಯಾ ಚೀಲ 50 ಕಿಲೋದಿಂದ 45 ಕಿಲೋಗೆ ಇಳಿಯಿತು. 2022ರ ಅಕ್ಟೋಬರದಿಂದ ಎಲ್ಲ ಕಂಪನಿಗಳ ಯೂರಿಯಾ ‘ಭಾರತ್ ಯೂರಿಯಾ’, ಡಿಎಪಿ ‘ಭಾರತ್ ಡಿಎಪಿ’ ಆಯಿತು. ಚೀಲದ ಮೂರರಲ್ಲಿ ಎರಡು ಪಾಲು ಜಾಗ ಆ ಹೆಸರಿಗೆ ಮತ್ತು ಸರ್ಕಾರದ ಯೋಜನೆಯ ಗುರುತಿಗೆ, ಉಳಿದ ಒಂದು ಪಾಲು ಕಂಪನಿಯ ಹೆಸರಿಗೆ ಮತ್ತು ಕಾಯ್ದೆ ಪ್ರಕಾರ ಬರೆಯಬೇಕಾದ ಮಾಹಿತಿಗೆ. ಸಬ್ಸಿಡಿ ಸರ್ಕಾರದ್ದು, ಮಾಲು ಒಂದೇ, ಹೆಸರೂ ಒಂದೇ ಇರಲಿ ಅನ್ನೋದು ಸರ್ಕಾರದ ವಾದ. ಕಂಪನಿಯ ಗುರುತು ಸಣ್ಣದಾದರ ನಮಗ ನಂಬಿಕೆಯ ಮಾಲು ಆರಿಸೋದು ಕಷ್ಟ ಅನ್ನೋದು ಇನ್ನೊಂದು ವಾದ. ಎರಡರಾಗೂ ಹುರುಳು ಐತಿ. ಒಂದಂತೂ ಖರೆ: ಯಾರೂ ಆ ಜಾಗವನ್ನ ಖಾಲಿ ಬಿಡಾಕ ತಯಾರಿಲ್ಲ.

ಚೀಲದಿಂದ ಒಳ್ಳೆ ಮಾತನ್ನೂ ಸಾರಬಹುದು ಅನ್ನೋದಕ್ಕ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಐತಿ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಕೇಳಿದ್ದು ಕಾಳಲ್ಲ, ರೊಕ್ಕಲ್ಲ. ಕುಡಿತ, ತಂಬಾಕಿನ ಚಟ ಇದರಾಗ ಹಾಕ್ರಿ ಅಂದರು. ಆ ಜೋಳಿಗೆಯನ್ನ ಜನ ಇವತ್ತಿಗೂ ನೆನೆಯುತ್ತಾರೆ.

ಈಗ ಕೇಡಿನ ಮಾತು. ಮನಿಯಲ್ಲಿ ಉಳಿದ ಅನ್ನ, ಕಾಯಿಪಲ್ಲೆ ಸಿಪ್ಪಿ ಕ್ಯಾರಿಬ್ಯಾಗಿಗೆ ಹಾಕಿ ಗಂಟು ಕಟ್ಟಿ ಒಗಿತಾರ. ದನಕ್ಕೆ ಬಿಚ್ಚಾಕ ಬರೋದಿಲ್ಲ, ವಾಸನೆಗೆ ಚೀಲ ಸಮೇತ ನುಂಗತೈತಿ. ಅದು ಮೊದಲ ಹೊಟ್ಟಿಯಲ್ಲೇ ಉಳಿದು, ವರ್ಷಾನುಗಟ್ಟಲೆ ಕೂಡುತ್ತ ಹೋಗತೈತಿ. ಮೇವು ತಿನ್ನೋದು ಬಿಡತೈತಿ, ಹಾಲು ಇಳಿಯತೈತಿ, ಹೊಟ್ಟಿ ಉಬ್ಬತೈತಿ. ಕೊನೆಗೆ ಹೊಟ್ಟಿ ಕೊಯ್ದು ತೆಗೆಯೋದೊಂದೇ ದಾರಿ. ಆಂಧ್ರದ ಪುಟ್ಟಪರ್ತಿಯ ಕರುಣಾ ಸೊಸೈಟಿ ಇದೇ ಸಂಕಟ ಹಿಡಿದುಕೊಂಡು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪ್ರವಾಹ, ಗಟಾರದ ಲೆಕ್ಕ ಬೇರೆ. ಬಾಂಗ್ಲಾದೇಶ 2002ರಲ್ಲೇ ತೆಳು ಪ್ಲಾಸ್ಟಿಕ್ ಚೀಲ ನಿಲ್ಲಿಸಿದ್ದಕ್ಕೆ ಒಂದು ಕಾರಣ, ಪ್ರವಾಹದ ಹೊತ್ತಿಗೆ ಚರಂಡಿಗಳು ಇವುಗಳಿಂದಲೇ ಕಟ್ಟಿಕೊಂಡದ್ದು.

ನಮ್ಮ ದೇಶದ ಕಾನೂನು ದಪ್ಪದ ಲೆಕ್ಕದ ಮ್ಯಾಲೆ ನಡೆದುಬಂತು. ಕ್ಯಾರಿಬ್ಯಾಗ್ ಕನಿಷ್ಠ 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಯಾವ ದಪ್ಪದ ಕ್ಯಾರಿಬ್ಯಾಗೂ ಬೇಡ ಅಂತ ಆದೇಶ ಮಾಡಿದೆ, ಫ್ಲೆಕ್ಸ್ ಬ್ಯಾನರೂ ಅದರಾಗ ಸೇರಿದೆ. ‘ಇದು ದಪ್ಪ ಐತ್ರಿ, ನಡೀತೈತಿ’ ಅನ್ನೋ ಮಾತು ನಮ್ಮ ರಾಜ್ಯದಾಗ ನಡೆಯೋದಿಲ್ಲ. ಆಮೇಲೆ ಅಂಗಡಿಗಳಲ್ಲಿ ಬಟ್ಟೆಯಂಗ ಕಾಣೋ ಬಣ್ಣಬಣ್ಣದ ಚೀಲ ಬಂದವು. ಅವುಗಳಲ್ಲಿ ಬಹಳಷ್ಟು ಬಟ್ಟೆಯಲ್ಲ, ನೇಯದೆ ಒತ್ತಿ ಮಾಡಿದ ಪ್ಲಾಸ್ಟಿಕ್. ಒಂದು ಸಣ್ಣ ತುಂಡು ಸುಟ್ಟು ನೋಡ್ರಿ: ಹತ್ತಿಯಾದರ ಬೂದಿ ಆಗತೈತಿ, ಪ್ಲಾಸ್ಟಿಕ್ಕಾದರ ಕರಗಿ ಮುದ್ದಿ ಆಗತೈತಿ.

ನಾವು ರೈತರು ಚೀಲ ಬಿಟ್ಟು ಬದುಕಾಕ ಆಗೋದಿಲ್ಲ. ಅದಕ್ಕ ನಾಲ್ಕು ಮಾತು:

1. ಗೊಬ್ಬರ ಚೀಲ ಎಷ್ಟ ತೊಳೆದರೂ ಅದರಾಗ ತಿನ್ನೋ ಕಾಳು, ಹಿಟ್ಟು, ದನದ ಹಿಂಡಿ ಇಡಬ್ಯಾಡ್ರಿ. ಔಷಧ ಹಚ್ಚಿದ ಬೀಜದ ಚೀಲವಂತೂ ಮನಿ ಒಳಗ ತರಬ್ಯಾಡ್ರಿ.

2. ನೇಯ್ದ ಚೀಲ ಬಿಸಿಲಿಗೆ ಬಿದ್ದರ ಕೆಲವು ತಿಂಗಳಿಗೆ ಪುಡಿಪುಡಿ ಆಗತೈತಿ. ಆ ಎಳಿ ಮಣ್ಣಾಗ ಸೇರಿದರ ಆರಿಸಾಕ ಆಗೋದಿಲ್ಲ. ಎಳಿ ಬಿಡಾಕ ಹತ್ತೂ ಮೊದಲ ಗುಜರಿಗೆ ಹಾಕ್ರಿ.

3. ಗುಜರಿಗೆ ಹಾಕೂ ಮುಂದ ಚೀಲದ ನಡುಕ ಕತ್ತರಿಸಿ ಹಾಕ್ರಿ. ಗಟ್ಟಿ ಇದ್ದ ಹೆಸರಾಂತ ಚೀಲಕ್ಕ ನಕಲಿ ಗೊಬ್ಬರ ತುಂಬಿ ಬಾಯಿ ಹೊಲಿದರ ಅದು ತಿರುಗಿ ನಮ್ಮಂಥವರ ಹೊಲಕ್ಕೇ ಬರತೈತಿ. ಹೊಸ ಚೀಲ ಕೊಳ್ಳೂ ಮುಂದ ಹೊಲಿಗಿ ನೋಡ್ರಿ, ಬಿಲ್ ಇಸಗೋರಿ.

4. ಕಬ್ಬಿನ ರವದಿ ಜೊತೆ ಪ್ಲಾಸ್ಟಿಕ್ ಸುಡಬ್ಯಾಡ್ರಿ. ರವದಿಯನ್ನೂ ಸುಡದೆ ಸಾಲಿನಾಗ ಮುಚ್ಚಿದರ ಗೊಬ್ಬರ ಆಗತೈತಿ.

ಸಂತಿಗೆ ಹೋಗೂ ಮುಂದ ಮನಿಯಿಂದ ಒಂದು ಬಟ್ಟೆ ಚೀಲ ಒಯ್ಯೋದು ಹೊಸ ಬುದ್ಧಿ ಅಲ್ಲ, ನಮ್ಮ ಹಿರೇರು ದಿನಾ ಮಾಡಿದ್ದು. ಬನಹಟ್ಟಿ ಕಡೆ ನೇಕಾರರಿದ್ದಾರ, ಊರೂರಿಗೆ ಹೊಲಿಗಿ ಮಷಿನ್ ಅದಾವ. ಹಳೆ ಧೋತರ, ಸೀರಿ ತುಂಡು ಕೊಟ್ಟರ ಒಂದು ತಾಸಿನಾಗ ಚೀಲ ಹೊಲಿದು ಕೊಡತಾರ. ಅದರ ಮ್ಯಾಲೆ ಯಾರ ಹೆಸರೂ ಇರೋದಿಲ್ಲ. ಬೇಕಾದರ ನಿಮ್ಮದ ಹೆಸರು ಬರಸ್ರಿ.